ಸೂಪರ್‌ವೈಸರ್ ಕಚೇರಿಯ ಕೌಂಟಿ ವರದಿ ಬಂದಿದೆ: ಜೂನ್ ಬಜೆಟ್‌ಗೆ ಮುಂಚೆ ಸಾಂಟಾ ಕ್ಲಾರಾ ಕನ್ನಡಿಗರು ಓದಿಕೊಳ್ಳಿ

ಕ್ಯುಪರ್ಟಿನೋ ವಾಸಿ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ನಮ್ಮ ಸಾಂಟಾ ಕ್ಲಾರಾ ಕೌಂಟಿಯನ್ನು (ಹಲವು ಊರುಗಳು ಸೇರಿದ ಜಿಲ್ಲೆಯಂಥ ಆಡಳಿತ) ನಡೆಸುವುದು ಐದು ಡಿಸ್ಟ್ರಿಕ್ಟ್‌ಗಳಿಂದ ಆರಿಸಿಬಂದ ಸೂಪರ್‌ವೈಸರ್‌ಗಳು. ನಮ್ಮ ಡಿಸ್ಟ್ರಿಕ್ಟ್‌ನ ಸೂಪರ್‌ವೈಸರ್ ಕಚೇರಿಯಿಂದ ಬರುವ ಕೌಂಟಿ ವರದಿ ನಮ್ಮಲ್ಲಿ ಬಹಳ ಮಂದಿಯ ಈಮೇಲ್‌ಗೆ ಬರುತ್ತದೆ, ತೆರೆದು ಓದುವವರು ಕಡಿಮೆ. ಈ ಸಲದ್ದನ್ನು ದಯವಿಟ್ಟು ಓದಿ. 2026ರ ಜುಲೈ 1ಕ್ಕೆ ಶುರುವಾಗುವ ಆರ್ಥಿಕ ವರ್ಷದ ಬಜೆಟ್ ಮೇ ತಿಂಗಳಲ್ಲಿ ಚರ್ಚೆಗೆ ಬರುತ್ತದೆ, ಜೂನ್‌ನಲ್ಲಿ ಅಂಗೀಕಾರ ಆಗುತ್ತದೆ. ಎಲ್ಲಿಗೆ ಕತ್ತರಿ ಹಾಕುವುದು ಅನ್ನುವುದೇ ಈ ವರ್ಷದ ಪ್ರಶ್ನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2025ರ ಜುಲೈ 4ರಂದು ಸಹಿಯಾದ ಫೆಡರಲ್ ಕಾನೂನು ಎಚ್‌.ಆರ್‌. 1 ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಹಣವನ್ನು ಕಡಿಮೆ ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ಅದೇ ಮೆಡಿ-ಕ್ಯಾಲ್. ನಮ್ಮ ಕೌಂಟಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮೆಡಿ-ಕ್ಯಾಲ್ ಮೇಲೆ ಇದ್ದಾರೆ. ಬೇರೆ ಎಷ್ಟೋ ಕೌಂಟಿಗಳಿಗೆ ಸ್ವಂತ ಆಸ್ಪತ್ರೆಯೇ ಇಲ್ಲ, ನಮ್ಮದಕ್ಕೆ ನಾಲ್ಕಿವೆ: ಬ್ಯಾಸ್ಕಮ್ ಅವೆನ್ಯೂದ ವ್ಯಾಲಿ ಮೆಡಿಕಲ್ ಸೆಂಟರ್, ಓಕಾನರ್, ಗಿಲ್ರಾಯ್‌ನ ಸೇಂಟ್ ಲೂಯಿಸ್, ಈಸ್ಟ್ ಸ್ಯಾನ್ ಹೋಸೆಯ ರೀಜನಲ್. ಲಾಸ್ ಏಂಜಲಿಸ್ ಬಿಟ್ಟರೆ ರಾಜ್ಯದಲ್ಲಿ ಇದೇ ಅತಿ ದೊಡ್ಡ ಸಾರ್ವಜನಿಕ ಆಸ್ಪತ್ರೆ ವ್ಯವಸ್ಥೆ. ಹಾಗಾಗಿ ವಾಷಿಂಗ್ಟನ್‌ನಲ್ಲಿ ಕತ್ತರಿ ಆಡಿದರೆ ಇಲ್ಲಿ ನೇರವಾಗಿ ತಗಲುತ್ತದೆ. ವರ್ಷಕ್ಕೆ 100 ಕೋಟಿ ಡಾಲರಿಗೂ ಮೀರಿ ನಷ್ಟವಾಗಬಹುದು ಅಂತ ಕೌಂಟಿಯೇ ಲೆಕ್ಕ ಹಾಕಿದೆ.

ಅದಕ್ಕೇ 2025ರ ನವೆಂಬರ್ 4ರ ವಿಶೇಷ ಚುನಾವಣೆಯಲ್ಲಿ ಮೆಷರ್ ಎ ಅನ್ನುವ ತೆರಿಗೆ ಪ್ರಸ್ತಾಪ ಮತಕ್ಕೆ ಬಂತು, ಗೆದ್ದಿತು. ಐದು ವರ್ಷದ ಮಟ್ಟಿಗೆ ಸೇಲ್ಸ್ ಟ್ಯಾಕ್ಸ್ ಒಂದು ಸೆಂಟಿನ ಎಂಟರಲ್ಲಿ ಐದು ಭಾಗ ಹೆಚ್ಚು. ಅಂದರೆ 100 ಡಾಲರ್ ಸಾಮಾನಿಗೆ 62.5 ಸೆಂಟ್. 2026ರ ಏಪ್ರಿಲ್ 1ರಿಂದ ನಿಮ್ಮ ಬಿಲ್ಲುಗಳಲ್ಲಿ ಸೇರಿದೆ. ವರ್ಷಕ್ಕೆ ಸುಮಾರು 33 ಕೋಟಿ ಡಾಲರ್ ಬರುವ ಅಂದಾಜು. 100 ಕೋಟಿಯ ತೂತಿಗೆ 33 ಕೋಟಿಯ ತೇಪೆ. ಉಳಿದದ್ದನ್ನು ಎಲ್ಲಿಂದ ತರುತ್ತಾರೆ, ಯಾವ ಸೇವೆ ನಿಲ್ಲಿಸುತ್ತಾರೆ ಅನ್ನುವುದನ್ನು ಐದು ಜನ ಸೂಪರ್‌ವೈಸರ್‌ಗಳು ತೀರ್ಮಾನ ಮಾಡುತ್ತಾರೆ. ನಾವು ಮಾತಾಡುವುದಿದ್ದರೆ ಅದಕ್ಕೆ ಮುಂಚೆ ಮಾತಾಡಬೇಕು.

ಹುಬ್ಬಳ್ಳಿ ಮಂದಿ

ಛಲೋ ಬರದೀರಿ ಸರ್. ಆದ್ರ ನನಗೊಂದು ತಿಳೀವಲ್ದು ನೋಡ್ರಿ. ಇಲ್ಲಿಗೆ ಬಂದು ಇಷ್ಟ್ ವರ್ಷ ಆದ್ರೂ ಸಿಟಿ ಏನ್ ಮಾಡ್ತದ, ಕೌಂಟಿ ಏನ್ ಮಾಡ್ತದ ಅನ್ನೋದು ಗೊತ್ತಾಗಿಲ್ಲ. ಕಸ, ನೀರು, ಪೊಲೀಸ್ ಎಲ್ಲಾ ಸಿಟಿದs ಅಲ್ಲೇನ್ರಿ? ಮತ್ತ ಕೌಂಟಿಗೆ ಯಾಕ ಇಷ್ಟು ರೊಕ್ಕ ಬೇಕು?

ಕ್ಯುಪರ್ಟಿನೋ ವಾಸಿ

ಒಳ್ಳೆ ಪ್ರಶ್ನೆ ಸರ್. ದಿನನಿತ್ಯ ನಮ್ಮ ಕಣ್ಣಿಗೆ ಬೀಳುವುದು ಸಿಟಿ. ಕೌಂಟಿ ಎದುರಾಗುವುದು ಹುಟ್ಟು, ಮದುವೆ, ಸಾವು, ಆಸ್ತಿ, ಕಾಯಿಲೆ, ಜೈಲು, ಚುನಾವಣೆ, ಇಂಥ ಕಡೆ. ಮಗು ಹುಟ್ಟಿದ ದಾಖಲೆ, ಮದುವೆ ಲೈಸೆನ್ಸ್, ಮನೆಯ ಪತ್ರ ನೋಂದಣಿ, ಎಲ್ಲಾ ಕೌಂಟಿ. ಮನೆಯ ತೆರಿಗೆ ಮೌಲ್ಯ ಗೊತ್ತು ಮಾಡುವ ಅಸೆಸರ್, ತೆರಿಗೆ ವಸೂಲಿ, ಶೆರಿಫ್, ಡಿಸ್ಟ್ರಿಕ್ಟ್ ಅಟಾರ್ನಿ, ಬಡವರ ಪರ ವಾದಿಸುವ ಪಬ್ಲಿಕ್ ಡಿಫೆಂಡರ್, ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯ, ಕ್ಯಾಲ್‌ಫ್ರೆಶ್ ಆಹಾರ ನೆರವು, ಮತಪತ್ರ ಮುದ್ರಿಸಿ ಎಣಿಸುವ ಕಚೇರಿ, ಇವೆಲ್ಲ ಅದರದೇ. ನಿಮ್ಮ ಊರು ಕ್ಯುಪರ್ಟಿನೋ, ಸಾರಟೋಗ, ಮಿಲ್ಪಿಟಾಸ್, ಕ್ಯಾಂಪ್ಬೆಲ್ ಆಗಿದ್ದರೆ ಲೈಬ್ರರಿಯೂ ಕೌಂಟಿ ಲೈಬ್ರರಿ ಡಿಸ್ಟ್ರಿಕ್ಟ್‌ಗೆ ಸೇರಿದ್ದು. ಸನಿವೇಲ್, ಸ್ಯಾನ್ ಹೋಸೆ, ಮೌಂಟನ್ ವ್ಯೂನಲ್ಲಿ ಲೈಬ್ರರಿ ಸಿಟಿಯದು.

ಕೌಂಟಿಗೆ ಸೇರದ್ದನ್ನೂ ಹೇಳಿಬಿಡುತ್ತೇನೆ, ತುಂಬಾ ಜನ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಶಾಲೆಗಳಿಗೆ ಅವುಗಳದೇ ಚುನಾಯಿತ ಮಂಡಳಿ. ವಿಟಿಎ ಬಸ್ಸು, ಲೈಟ್ ರೈಲಿಗೆ ಬೇರೆ ಮಂಡಳಿ. ಡ್ಯಾಮು, ಅಂತರ್ಜಲ, ತೊರೆಗಳನ್ನು ನೋಡಿಕೊಳ್ಳುವ ವ್ಯಾಲಿ ವಾಟರ್ ಕೂಡ ಬೇರೆಯೇ.

ಬಜೆಟ್ಟಿನ ಒಟ್ಟು ಗಾತ್ರ 1,300 ಕೋಟಿ ಡಾಲರ್ ಮೀರಿದೆ. ಕೇಳಿದರೆ ತಲೆ ತಿರುಗುತ್ತದೆ. ಆದರೆ ಅದರಲ್ಲಿ ದೊಡ್ಡ ಪಾಲು ರಾಜ್ಯ ಮತ್ತು ಫೆಡರಲ್ ಸರ್ಕಾರ ಇಂಥದ್ದಕ್ಕೇ ಖರ್ಚು ಮಾಡಿ ಅಂತ ಕೊಟ್ಟ ಹಣ. ಸೂಪರ್‌ವೈಸರ್‌ಗಳು ತಮ್ಮ ವಿವೇಚನೆಯಿಂದ ಆಚೀಚೆ ಮಾಡಬಹುದಾದ ಪಾಲು ಅದಕ್ಕಿಂತ ತುಂಬಾ ಚಿಕ್ಕದು. ಕತ್ತರಿ ಬೀಳುವುದು ಅಲ್ಲೇ.

ಲಾರೆನ್ಸ್ ದಾರಿಹೋಕ

ರಸ್ತೆ ಬಿಟ್ಟಿರಿ ಸರ್! ಲಾರೆನ್ಸ್, ಸ್ಯಾನ್ ಟೊಮಾಸ್, ಮೊಂಟೆಗ್ಯೂ, ಸೆಂಟ್ರಲ್, ಫುಟ್‌ಹಿಲ್, ಆಲ್ಮಡೆನ್, ಕ್ಯಾಪಿಟಲ್, ಓರೆಗನ್-ಪೇಜ್ ಮಿಲ್. ಈ ಎಂಟು ಎಕ್ಸ್‌ಪ್ರೆಸ್‌ವೇಗಳೂ ಕೌಂಟಿಯವು. ನಮ್ಮಲ್ಲಿ ಆಫೀಸಿಗೆ ಹೋಗುವವರು ಅರ್ಧಕ್ಕರ್ಧ ಜನ ದಿನಾ ಇವುಗಳ ಮೇಲೇ ಓಡಾಡುವುದು.

ಹೋದ ಮಳೆಗಾಲ ಒಂದು ಸಿಗ್ನಲ್ ಹತ್ತಿರ ಬಲಗಡೆ ಲೇನಿನಲ್ಲಿ ಗುಂಡಿ ಬಿದ್ದಿತ್ತು. ನೀರು ತುಂಬಿಕೊಂಡು ಗೊತ್ತೇ ಆಗುತ್ತಿರಲಿಲ್ಲ. ಸಿಟಿಗೆ ದೂರು ಕೊಟ್ಟರೆ ಈ ರಸ್ತೆ ನಮ್ಮದಲ್ಲ ಅಂತ ಉತ್ತರ. ಆಮೇಲೆ ಕೌಂಟಿಗೆ ಬರೆದೆ. ಯಾವ ದಿಕ್ಕಿನ ಲೇನು, ಯಾವ ಅಡ್ಡರಸ್ತೆಯಿಂದ ಎಷ್ಟು ಮುಂದೆ ಅಂತ ಬರೆದು ಫೋಟೋ ಹಾಕಿದ್ದೆ, ಬಂದು ಮುಚ್ಚಿದರು. ದೂರು ಸರಿಯಾದ ಬಾಗಿಲಿಗೆ ಹೋಗದಿದ್ದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಮಾಹಿತಿ ಎಲ್ಲರಿಗೂ ಗೊತ್ತಿರಬೇಕು.

ಹೊಸ ಮನೆಯವರು

ಆಸ್ಪತ್ರೆ, ರಸ್ತೆ ಎಲ್ಲ ಸರಿ. ನನ್ನ ಸಂಕಟ ಪ್ರಾಪರ್ಟಿ ಟ್ಯಾಕ್ಸ್. ಡಿಸೆಂಬರ್ ಕೊನೆಗೆ ಮನೆ ತೆಗೆದುಕೊಂಡೆವು. ತಿಂಗಳ ಕಂತಿನ ಜೊತೆಗೇ ತೆರಿಗೆ ಹಣ ಬ್ಯಾಂಕಿಗೆ ಕಟ್ಟುತ್ತಾ ಇದ್ದೇವೆ. ಈಗ ಕೌಂಟಿಯಿಂದ ನಮ್ಮ ಹೆಸರಿಗೇ ಸಪ್ಲಿಮೆಂಟಲ್ ಬಿಲ್ ಅಂತ ಬೇರೆ ಬಂದಿದೆ. ಬ್ಯಾಂಕಿನವರನ್ನು ಕೇಳಿದರೆ ಅದು ನಮಗೆ ಸಂಬಂಧಪಟ್ಟಿದ್ದಲ್ಲ ಅಂತಾರೆ. ಎರಡೆರಡು ಸಲ ವಸೂಲಿ ಮಾಡುತ್ತಾ ಇದ್ದಾರಾ?

ಮಿಲ್ಪಿಟಾಸ್ ಅಕ್ಕ

ಎರಡು ಸಲ ಅಲ್ಲ, ಗಾಬರಿ ಆಗಬೇಡಿ. ಆದರೆ ಆ ಬಿಲ್ ನೀವೇ ಕಟ್ಟಬೇಕು, ತಡ ಮಾಡಿದರೆ ಶೇ. 10 ದಂಡ ಬೀಳುತ್ತೆ.

ಹೀಗೆ ನೋಡಿ. ನಿಮಗೆ ಮಾರಿದವರು ಬಹಳ ವರ್ಷದ ಹಿಂದೆ ಕೊಂಡಿರುತ್ತಾರೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಅನ್ನೋ ಕಾನೂನಿನ ಪ್ರಕಾರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸೋ ಹಾಗಿಲ್ಲ. ಮನೆ ಕೈ ಬದಲಾದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಬರುತ್ತೆ. ಉದಾಹರಣೆಗೆ ಅವರ ಲೆಕ್ಕದಲ್ಲಿ ಮನೆಯ ಮೌಲ್ಯ 5 ಲಕ್ಷ ಡಾಲರ್ ಇತ್ತು, ನೀವು 20 ಲಕ್ಷಕ್ಕೆ ಕೊಂಡಿರಿ ಅಂತಿಟ್ಟುಕೊಳ್ಳಿ. ನಡುವಿನ 15 ಲಕ್ಷಕ್ಕೆ ಶೇ. 1 ಅಂದರೆ ಪೂರ್ತಿ ವರ್ಷಕ್ಕೆ 15,000. ನೀವು ಡಿಸೆಂಬರ್ ಕೊನೆಗೆ ಕೊಂಡಿದ್ದರಿಂದ ಜೂನ್ ಕೊನೆವರೆಗಿನ ಅರ್ಧ ವರ್ಷಕ್ಕೆ ಸುಮಾರು 7,500, ಮೇಲೆ ಬಾಂಡುಗಳ (ಸಾರ್ವಜನಿಕ ಸಾಲಗಳ) ಪಾಲು. ಅದೇ ಸಪ್ಲಿಮೆಂಟಲ್. ನೀವು ಬ್ಯಾಂಕಿಗೆ ಕಟ್ಟುತ್ತಿರೋದು ವಾರ್ಷಿಕ ಬಿಲ್ಲಿಗೆ. ಸಪ್ಲಿಮೆಂಟಲ್ ಸಾಮಾನ್ಯವಾಗಿ ಮಾಲೀಕರ ಕೈಗೇ ಬರುತ್ತೆ. ಜನವರಿಯಿಂದ ಮೇ ನಡುವೆ ಕೊಂಡವರಿಗೆ ಇಂಥ ಬಿಲ್ ಎರಡು ಬರುತ್ತೆ, ಅವರೂ ಹಣ ತೆಗೆದಿಟ್ಟುಕೊಳ್ಳಿ.

ವಾರ್ಷಿಕ ಬಿಲ್ಲಿನ ಮೊದಲ ಕಂತಿಗೆ ಡಿಸೆಂಬರ್ 10, ಎರಡನೆಯದಕ್ಕೆ ಏಪ್ರಿಲ್ 10 ಕಡೇ ದಿನ. ಮನೆ ಬೆಲೆ ಬಿದ್ದಿದೆ, ಮೌಲ್ಯ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ಜುಲೈ 2ರಿಂದ ಸೆಪ್ಟೆಂಬರ್ 15ರ ಒಳಗೆ ಮೇಲ್ಮನವಿ ಹಾಕಬಹುದು. ವಾಸದ ಮನೆ ಅಂತ ಅರ್ಜಿ ಕೊಟ್ಟರೆ ಮೌಲ್ಯದಲ್ಲಿ 7,000 ಡಾಲರ್ ವಿನಾಯಿತಿ. ವರ್ಷಕ್ಕೆ ಉಳಿಯೋದು 70 ಡಾಲರ್ ಅಷ್ಟೇ, ಆದರೂ ನಮ್ಮ ಹಕ್ಕು, ಬಿಡಬೇಡಿ.

ಇನ್ನೊಂದು ವಿಷಯ. ಆ ಶೇ. 1 ಪೂರ್ತಿ ಕೌಂಟಿಯ ಹೊಟ್ಟೆಗೆ ಹೋಗಲ್ಲ. ಸುಮಾರು ಅರ್ಧ ಶಾಲೆ, ಕಮ್ಯುನಿಟಿ ಕಾಲೇಜುಗಳಿಗೆ. ಮಿಕ್ಕಿದ್ದು ಕೌಂಟಿ, ಸಿಟಿ, ಬೇರೆ ಬೇರೆ ವಿಶೇಷ ಡಿಸ್ಟ್ರಿಕ್ಟ್‌ಗಳಿಗೆ ಹಂಚಿಕೆ. ವಸೂಲಿ ಮಾಡೋದು ಕೌಂಟಿ ಆದ್ದರಿಂದ ಬೈಗುಳ ಮಾತ್ರ ಪೂರ್ತಿ ಅವರಿಗೆ.

ಹೊಸ ಮನೆಯವರು

ತುಂಬಾ ಥ್ಯಾಂಕ್ಸ್ ಅಕ್ಕಾ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಮನೆ ಮಾರಿಸಿಕೊಟ್ಟವರೂ ಹೇಳಲಿಲ್ಲ.

ತೆರಿಗೆ ಲೆಕ್ಕ

ನಾನು ಮೆಷರ್ ಎ ವಿರುದ್ಧ ಮತ ಹಾಕಿದವನು. ಯಾಕೆ ಅಂತ ಇಲ್ಲಿ ಹೇಳಬೇಕು, ಏಕೆಂದರೆ ವಿರೋಧಿಸಿದವರಿಗೆಲ್ಲ ಬಡವರ ಮೇಲೆ ಕನಿಕರ ಇಲ್ಲ ಅನ್ನುವ ಹಾಗೆ ಆಗ ಮಾತು ನಡೆದಿತ್ತು.

ಮೊದಲನೆಯದು, ಸೇಲ್ಸ್ ಟ್ಯಾಕ್ಸ್ ಬಡವರಿಗೇ ಹೆಚ್ಚು ಭಾರ. ಅಕ್ಕಿ ಬೇಳೆಗೆ, ವೈದ್ಯರು ಬರೆದುಕೊಟ್ಟ ಔಷಧಿಗೆ ಈ ತೆರಿಗೆ ಇಲ್ಲ, ಒಪ್ಪುತ್ತೇನೆ. ಆದರೆ ಮಕ್ಕಳ ಬಟ್ಟೆ, ಚಪ್ಪಲಿ, ಕಾರಿನ ಟೈರು, ವಾಷಿಂಗ್ ಮೆಷೀನು, ಎಲ್ಲದಕ್ಕೂ ಇದೆ. ಎರಡು ಕೆಲಸ ಮಾಡಿ ಬಾಡಿಗೆ ಕಟ್ಟುವವರಿಗೂ ಷೇರು ಮಾರಿ ಮನೆ ಕೊಳ್ಳುವವರಿಗೂ ಒಂದೇ ದರ.

ಎರಡನೆಯದು ಇನ್ನೂ ಮುಖ್ಯ. ಇದು ಸಾಮಾನ್ಯ ತೆರಿಗೆ. ಇಂಥದ್ದಕ್ಕೇ ಅಂತ ಕಟ್ಟಿಟ್ಟ ತೆರಿಗೆಯಾಗಿದ್ದರೆ ಮೂರರಲ್ಲಿ ಎರಡು ಭಾಗ ಮತ ಬೇಕಾಗುತ್ತಿತ್ತು. ಸಾಮಾನ್ಯ ತೆರಿಗೆಗೆ ಅರ್ಧಕ್ಕಿಂತ ಒಂದು ಮತ ಜಾಸ್ತಿ ಸಾಕು. ಆದ್ದರಿಂದ ಹಣ ಜನರಲ್ ಫಂಡಿಗೆ, ಅಂದರೆ ಕೌಂಟಿಯ ಸಾಮಾನ್ಯ ಖಜಾನೆಗೆ ಹೋಗುತ್ತದೆ. ಆಸ್ಪತ್ರೆಗೇ ಖರ್ಚು ಮಾಡಬೇಕು ಅಂತ ಕಾನೂನಿನ ಕಟ್ಟು ಇಲ್ಲ. ಪ್ರಚಾರದಲ್ಲಿ ಆಸ್ಪತ್ರೆಯನ್ನು ಮುಂದಿಟ್ಟರು, ಮತಪತ್ರದಲ್ಲಿ ಕೈ ಕಟ್ಟಿಕೊಳ್ಳಲಿಲ್ಲ. ಈಗ ಗೆದ್ದಾಗಿದೆ, ಜನರ ತೀರ್ಪು, ಒಪ್ಪಿದ್ದೇನೆ. ಆದರೆ ವರದಿಯಲ್ಲಿ ನಮಗೆ ಬೇಕಾದದ್ದು ಒಂದು ಸಾಲು: ಏಪ್ರಿಲ್‌ನಿಂದ ಬಂದ ಹಣ ಎಷ್ಟು, ಯಾವ ಬಾಬ್ತಿಗೆ ಹೋಯಿತು. ಅದನ್ನು ಹೇಳದೆ ಬರೀ ಸಂಕಷ್ಟ, ಸಂಕಷ್ಟ ಅಂದರೆ ನಂಬಿಕೆ ಬೆಳೆಯುವುದಿಲ್ಲ.

ಎವರ್‌ಗ್ರೀನ್ ನರ್ಸ್

ಸರ್, ನೀವು ಲೆಕ್ಕ ಕೇಳುವುದು ಸರಿ. ನಾನೂ ಕೇಳುತ್ತೇನೆ. ಆದರೆ ನಾನು ಮೆಷರ್ ಎ ಪರವಾಗಿ ಮನೆಮನೆಗೆ ಹೋಗಿದ್ದೆ, ಅದರ ಕಾರಣ ಹೇಳಲೇಬೇಕು.

ನಾನು ಬೇರೆ ಆಸ್ಪತ್ರೆಯಲ್ಲಿ ನರ್ಸ್. ಮನೆ ಎವರ್‌ಗ್ರೀನ್‌ನಲ್ಲಿ. ನಮ್ಮ ಪೂರ್ವದ ಕಡೆಯವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಅಂದರೆ ಮ್ಯಾಕೀ ರಸ್ತೆ ಹತ್ತಿರದ ರೀಜನಲ್. ಮೊದಲು ಖಾಸಗಿ ಕಂಪನಿಯ ಕೈಯಲ್ಲಿತ್ತು. ಹೆರಿಗೆ ವಿಭಾಗ 2020ರಲ್ಲಿ ಮುಚ್ಚಿದರು. 2024ರ ಆಗಸ್ಟ್‌ನಲ್ಲಿ ಟ್ರಾಮಾ ಸೆಂಟರ್‌ನ ಮಟ್ಟವನ್ನೂ ಇಳಿಸಿದರು. ಇಡೀ ಕೌಂಟಿಯಲ್ಲಿ ಟ್ರಾಮಾ ಸೆಂಟರ್ ಇರುವುದೇ ಮೂರು ಕಡೆ: ಸ್ಟ್ಯಾನ್‌ಫರ್ಡ್, ವ್ಯಾಲಿ ಮೆಡಿಕಲ್, ರೀಜನಲ್. ಪೂರ್ವದ ಕಡೆ ಇದ್ದದ್ದು ಅದೊಂದೇ.

ಟ್ರಾಮಾ ಸೆಂಟರ್ ಅಂದರೆ ಬರೀ ಎಮರ್ಜೆನ್ಸಿ ಕೋಣೆ ಅಲ್ಲ. ಆಂಬ್ಯುಲೆನ್ಸ್ ಇನ್ನೂ ದಾರಿಯಲ್ಲಿರುವಾಗಲೇ ಸರ್ಜನ್, ಅನೆಸ್ತೀಶಿಯಾದವರು, ರಕ್ತ, ಆಪರೇಷನ್ ಥಿಯೇಟರ್ ಎಲ್ಲ ಸಿದ್ಧ ಇರಬೇಕು. ರೋಗಿ ಬಂದ ಮೇಲೆ ಫೋನ್ ಮಾಡಿ ಕರೆಸುವ ವ್ಯವಸ್ಥೆ ಅಲ್ಲ. ಯಾರೂ ಬರದ ರಾತ್ರಿಯಲ್ಲೂ ಇಷ್ಟು ಜನರಿಗೆ ಸಂಬಳ ಕೊಡಬೇಕು. ಲಾಭ ನೋಡುವವರಿಗೆ ಇದು ಮೊದಲು ಕಣ್ಣಿಗೆ ಬೀಳುವ ಖರ್ಚು. ಆ ವ್ಯವಸ್ಥೆ ಇಲ್ಲದೆ ಹೋದರೆ ಆಲಂ ರಾಕ್‌ನಲ್ಲಿ ಅಪಘಾತವಾದವರನ್ನು ಸಂಜೆಯ ಟ್ರಾಫಿಕ್‌ನಲ್ಲಿ ಬ್ಯಾಸ್ಕಮ್‌ವರೆಗೆ ಒಯ್ಯಬೇಕು. ಒಳಗೇ ರಕ್ತ ಸೋರುತ್ತಿರುವ ಮನುಷ್ಯನಿಗೆ ಆ ಹೊತ್ತು ಎಷ್ಟು ಮುಖ್ಯ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕೌಂಟಿ ಆ ಆಸ್ಪತ್ರೆಯನ್ನು 15 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. 2025ರ ಏಪ್ರಿಲ್ 1ರಿಂದ ನಡೆಸುತ್ತಿದೆ, ಟ್ರಾಮಾ ಸೇವೆಯನ್ನು ಮತ್ತೆ ಮೇಲಕ್ಕೆ ತಂದಿತು. 2019ರಲ್ಲೂ ಹೀಗೇ ಆಯಿತು. ಓಕಾನರ್, ಸೇಂಟ್ ಲೂಯಿಸ್ ನಡೆಸುತ್ತಿದ್ದ ಸಂಸ್ಥೆ ದಿವಾಳಿ ಎದ್ದಾಗ ಕೌಂಟಿ 23.5 ಕೋಟಿ ಡಾಲರಿಗೆ ಎರಡನ್ನೂ ಕೊಂಡಿತು. ಇಲ್ಲದಿದ್ದರೆ ಗಿಲ್ರಾಯ್‌ನಂಥ ಊರಿಗೆ ಆಸ್ಪತ್ರೆಯೇ ಇರುತ್ತಿರಲಿಲ್ಲವೇನೋ. 2004ರಲ್ಲಿ ಸ್ಯಾನ್ ಹೋಸೆ ಡೌನ್‌ಟೌನ್‌ನ ಆಸ್ಪತ್ರೆ ಮುಚ್ಚಿತಲ್ಲ, ಆಗ ಯಾರೂ ಕೊಳ್ಳಲಿಲ್ಲ. ಇವತ್ತಿಗೂ ಡೌನ್‌ಟೌನ್‌ಗೆ ಆಸ್ಪತ್ರೆ ಇಲ್ಲ.

ನಮಗೆ ಕಂಪನಿಯ ಒಳ್ಳೆ ಇನ್ಶೂರೆನ್ಸ್ ಇದೆ, ಕೌಂಟಿ ಆಸ್ಪತ್ರೆ ಯಾಕೆ ಅಂತ ನಮ್ಮವರೇ ಕೇಳುತ್ತಾರೆ. ಸುಟ್ಟ ಗಾಯದ ವಿಶೇಷ ಘಟಕ ಇರುವುದು ವ್ಯಾಲಿ ಮೆಡಿಕಲ್‌ನಲ್ಲಿ. ದೀಪಾವಳಿಗೆ ಕುದಿಯುವ ಎಣ್ಣೆ ಮೈಮೇಲೆ ಬಿದ್ದರೆ ನಿಮ್ಮ ಇನ್ಶೂರೆನ್ಸ್ ಯಾವುದೇ ಇರಲಿ, ಹೋಗುವುದು ಅಲ್ಲಿಗೇ. ಹೆದ್ದಾರಿಯಲ್ಲಿ ಅಪಘಾತವಾದರೆ ಆಂಬ್ಯುಲೆನ್ಸ್‌ನವರು ನಿಮ್ಮ ಕಾರ್ಡ್ ನೋಡಿ ಆಸ್ಪತ್ರೆ ಆರಿಸುವುದಿಲ್ಲ.

ಹುಬ್ಬಳ್ಳಿ ಮಂದಿ

ಅಕ್ಕಾರ, ಇದನ್ನ ಓದಿ ಸುಮ್ನ ಕುಂತ್ಬಿಟ್ಟೆ. ಮೂರs ಟ್ರಾಮಾ ಸೆಂಟರ್ ಅವ ಅಂತ ಇವತ್ತs ಗೊತ್ತಾತು ನೋಡ್ರಿ.

ತೆರಿಗೆ ಲೆಕ್ಕ

ಮೇಡಂ, ನೀವು ಹೇಳಿದ ಒಂದೊಂದು ಮಾತಿಗೂ ಗೌರವ ಇದೆ. ರೀಜನಲ್ ಕೊಂಡದ್ದು ಸರಿಯೇ ಅಂತ ನನ್ನ ಅಭಿಪ್ರಾಯ ಕೂಡ. ನನ್ನ ಆತಂಕ ಅದರ ಮುಂದಿನದು. ಕೊಳ್ಳುವುದು ಒಂದು ಸಲದ ಖರ್ಚು, ನಡೆಸುವುದು ಪ್ರತಿ ವರ್ಷದ ಖರ್ಚು. ಐದು ವರ್ಷ ಕಳೆದ ಮೇಲೆ ಈ ತೆರಿಗೆ ಮುಗಿಯುತ್ತದೆ, ಫೆಡರಲ್ ಕಡಿತ ಮುಗಿಯುವುದಿಲ್ಲ. ಆಮೇಲೆ ಏನು ಅನ್ನುವ ಯೋಜನೆಯನ್ನು ಈಗಲೇ ಕೇಳಬೇಕು.

ಎವರ್‌ಗ್ರೀನ್ ನರ್ಸ್

ಅದನ್ನು ಒಪ್ಪುತ್ತೇನೆ ಸರ್. ಕೌಂಟಿಗೆ ಕೈ ತೊಳೆದುಕೊಳ್ಳುವ ದಾರಿ ಇಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. ಎಮರ್ಜೆನ್ಸಿಗೆ ಬಂದವರನ್ನು ವಾಪಸ್ ಕಳಿಸಬಾರದು ಅಂತ 1986ರ ಫೆಡರಲ್ ಕಾನೂನು ಹೇಳುತ್ತದೆ. ಗತಿಯಿಲ್ಲದವರನ್ನು ನೋಡಿಕೊಳ್ಳುವುದು ಕೌಂಟಿಯ ಹೊಣೆ ಅಂತ ರಾಜ್ಯದ ಕಾನೂನಿನ 17000ನೇ ಸೆಕ್ಷನ್ ಹೇಳುತ್ತದೆ. ಮೆಡಿ-ಕ್ಯಾಲ್ ಕಳೆದುಕೊಂಡವರು ಕಾಯಿಲೆ ಬೀಳುವುದನ್ನು ನಿಲ್ಲಿಸುವುದಿಲ್ಲ. ಸಕ್ಕರೆ ಕಾಯಿಲೆಯವರು ಕ್ಲಿನಿಕ್‌ಗೆ ಬರುವುದು ಬಿಟ್ಟು, ಕಾಲಿನ ಹುಣ್ಣು ಕೊಳೆತ ಮೇಲೆ ಎಮರ್ಜೆನ್ಸಿಗೆ ಬರುತ್ತಾರೆ. ಆಗ ಖರ್ಚು ಹತ್ತು ಪಟ್ಟು, ಕಾಲೂ ಉಳಿಯುವುದಿಲ್ಲ.

ಎಚ್‌1ಬಿ ಸನಿವೇಲ್

ಚರ್ಚೆ ಚೆನ್ನಾಗಿದೆ. ಆದರೆ ನಮ್ಮಂಥವರು ಇದರಲ್ಲಿ ಏನು ಮಾಡಬಹುದು? ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದೇವೆ, ನಮ್ಮ ಸರದಿ ಬರುವಷ್ಟರಲ್ಲಿ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ. ಮತ ಇಲ್ಲ. ಯಾವ ಸೂಪರ್‌ವೈಸರ್ ನಮ್ಮ ಮಾತು ಕೇಳುತ್ತಾರೆ? ವೀಸಾ ಮೇಲಿರುವವರು ಸಭೆಯಲ್ಲಿ ಹೋಗಿ ಮಾತಾಡಿದರೆ ತೊಂದರೆ ಆಗುತ್ತದೋ ಅನ್ನುವ ಭಯ ಬೇರೆ.

ಕ್ಯುಪರ್ಟಿನೋ ವಾಸಿ

ನಿಮ್ಮ ಈ ಪ್ರಶ್ನೆಗೇ ನಾನು ಈ ಚರ್ಚೆ ಶುರು ಮಾಡಿದ್ದು. ಸೂಪರ್‌ವೈಸರ್ ಪ್ರತಿನಿಧಿಸುವುದು ಡಿಸ್ಟ್ರಿಕ್ಟ್‌ನಲ್ಲಿ ವಾಸ ಮಾಡುವ ಎಲ್ಲರನ್ನೂ. ಡಿಸ್ಟ್ರಿಕ್ಟ್‌ಗಳ ಗಡಿ ಎಳೆಯುವಾಗ ಎಣಿಸುವುದು ಜನಸಂಖ್ಯೆಯನ್ನು, ಮತದಾರರನ್ನಲ್ಲ. ನೀವೂ ಆ ಲೆಕ್ಕದಲ್ಲಿ ಇದ್ದೀರಿ. ಮೆಷರ್ ಎ ತೆರಿಗೆಯನ್ನು ಅಂಗಡಿಯವರು ನಿಮ್ಮ ಪಾಸ್‌ಪೋರ್ಟ್ ನೋಡಿ ಹಾಕುವುದಿಲ್ಲವಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಅಂತ 1953ರ ಕಾನೂನು ಇದೆ. ಸ್ಥಳೀಯ ಸರ್ಕಾರಗಳ ಸಭೆ ಬಹಿರಂಗವಾಗಿ ನಡೆಯಬೇಕು, ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮುಂಚೆ ಪ್ರಕಟವಾಗಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಇರಬೇಕು. ಪೌರತ್ವ ಕೇಳುವುದಿಲ್ಲ. ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಾಗೂ ಇಲ್ಲ. ನಮ್ಮ ಕೌಂಟಿ ಸಭೆಗಳು ಸ್ಯಾನ್ ಹೋಸೆಯ 70 ವೆಸ್ಟ್ ಹೆಡ್ಡಿಂಗ್ ಸ್ಟ್ರೀಟ್‌ನಲ್ಲಿ ಸಾಮಾನ್ಯವಾಗಿ ಮಂಗಳವಾರ ನಡೆಯುತ್ತವೆ, ಜೂಮ್‌ನಲ್ಲೂ ಸೇರಬಹುದು.

ಹೇಗಿರುತ್ತದೆ ಅಂದರೆ, ನಿಮ್ಮ ವಿಷಯ ಬಂದಾಗ ಕ್ಲರ್ಕ್ ಕರೆಯುತ್ತಾರೆ. ಒಂದೋ ಎರಡೋ ನಿಮಿಷ, ಜನ ಎಷ್ಟಿದ್ದಾರೆ ಅನ್ನುವುದರ ಮೇಲೆ ಅಧ್ಯಕ್ಷರು ಗೊತ್ತು ಮಾಡುತ್ತಾರೆ. ಕಣ್ಣೆದುರೇ ಸೆಕೆಂಡುಗಳು ಇಳಿಯುತ್ತಿರುತ್ತವೆ. ಪೀಠಿಕೆ ಹಾಕುತ್ತಾ ಕುಳಿತರೆ ವಿಷಯಕ್ಕೆ ಬರುವ ಮುಂಚೆ ಮೈಕ್ ಆಫ್ ಆಗುತ್ತದೆ. ಆದ್ದರಿಂದ ಮೊದಲ ವಾಕ್ಯದಲ್ಲೇ ಬೇಡಿಕೆ ಹೇಳಿ, ಎರಡನೆಯದರಲ್ಲಿ ಕಾರಣ. ಸೂಪರ್‌ವೈಸರ್‌ಗಳು ತಿರುಗಿ ಉತ್ತರ ಕೊಡದಿದ್ದರೆ ಬೇಜಾರಾಗಬೇಡಿ, ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಅವರು ಅಲ್ಲಿ ಚರ್ಚಿಸುವ ಹಾಗಿಲ್ಲ.

ಮತ್ತೊಂದು ದಾರಿ ಇದೆ. 2019ರಲ್ಲಿ ಬಂದ ಎಸ್‌ಬಿ 225 ಕಾನೂನಿನ ಪ್ರಕಾರ ಪೌರರಲ್ಲದ ನಿವಾಸಿಗಳನ್ನೂ ಸರ್ಕಾರಿ ಮಂಡಳಿ, ಆಯೋಗಗಳಿಗೆ ನೇಮಿಸಬಹುದು. ಕೌಂಟಿಯಲ್ಲಿ ಪಾರ್ಕು, ಹಿರಿಯರ ಆರೈಕೆ ಅಂತ ಎಷ್ಟೋ ಆಯೋಗಗಳಿವೆ, ಖಾಲಿ ಸ್ಥಾನಗಳಿಗೆ ಅರ್ಜಿ ಕರೆಯುತ್ತಾರೆ. ವೀಸಾ ಮೇಲಿರುವವರು ಸೇರುವ ಮುಂಚೆ ನಿಮ್ಮ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿಕೊಳ್ಳಿ. ನಮ್ಮವರು ಕನ್ನಡ ಕೂಟದ ಸಮಿತಿಯಲ್ಲಿ ಕೆಲಸ ಮಾಡುವ ಅಚ್ಚುಕಟ್ಟು ನೋಡಿದ್ದೇನೆ. ಅದೇ ಜನ ಅಲ್ಲಿ ಕುಳಿತರೆ ಕೌಂಟಿಗೆ ದೊಡ್ಡ ಉಪಕಾರ.

ಕರಾವಳಿ

ಪೌರರಾಗಿರುವವರಿಗೆ ನಾನೊಂದು ಸೇರಿಸ್ತೇನೆ ಮಾರಾಯ್ರೆ. 2026ರ ಜೂನ್ 2ಕ್ಕೆ ರಾಜ್ಯದ ಪ್ರೈಮರಿ, ಅಂದರೆ ಮೊದಲ ಸುತ್ತಿನ ಚುನಾವಣೆ ಉಂಟು. ಈ ವರ್ಷ ಡಿಸ್ಟ್ರಿಕ್ಟ್ 1 ಮತ್ತು 4ರ ಸೂಪರ್‌ವೈಸರ್ ಸ್ಥಾನಗಳಿಗೆ ಮತದಾನ. ಪ್ರೈಮರಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಮತ ಬಂದರೆ ಅಲ್ಲಿಗೇ ಗೆಲುವು, ನವೆಂಬರಿಗೆ ಹೋಗುವುದೇ ಇಲ್ಲ. ನವೆಂಬರ್‌ನಲ್ಲಿ ನೋಡುವ ಅಂತ ಕೂತರೆ ಆಗ ಮತಪತ್ರದಲ್ಲಿ ಆ ಹೆಸರೇ ಇರುವುದಿಲ್ಲ. ಮತಪತ್ರ ಮನೆಗೇ ಬರ್ತದೆ. ನೋಂದಣಿಗೆ ಮೇ 18 ಕಡೇ ದಿನ.

ನಮ್ಮ ಊರಲ್ಲಿ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನನ್ನ ದೊಡ್ಡಪ್ಪ ಹಿಂದೆ ತಾಲೂಕು ಪಂಚಾಯತ್ ಸದಸ್ಯರಾಗಿದ್ದವರು. ಕಾಲುಸಂಕ ಮುರಿದು ಬಿದ್ದರೆ ಮನೆ ಬಾಗಿಲಿಗೆ ಬಂದು ಬಯ್ಯಲಿಕ್ಕೆ ಒಬ್ಬ ಮನುಷ್ಯ ಬೇಕಲ್ಲ, ಈಗ ಯಾರಿಗೆ ಬಯ್ಯುವುದು ಅಂತ ಅವರು ಕೇಳ್ತಿದ್ದರು. ಇಲ್ಲಿ ಹೆಸರು, ಫೋನ್ ನಂಬರ್ ಇರುವ ಪ್ರತಿನಿಧಿ ಇದ್ದಾರೆ, ಅವರೇ ವರದಿ ಕಳಿಸ್ತಾರೆ. ಇದನ್ನು ನಾವು ಉಪಯೋಗಿಸದೆ ಬಿಡುವುದು ನನಗೆ ನಿಜವಾಗಿ ಬೇಸರ.

ಅಪ್ಪ ಅಮ್ಮ ಇಲ್ಲಿದ್ದಾರೆ

ಕ್ಷಮಿಸಿ, ನನ್ನದು ಸ್ವಂತದ ಪ್ರಶ್ನೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಬಂದಿದೆ, ಇಬ್ಬರಿಗೂ 70 ದಾಟಿದೆ. ಮೆಡಿ-ಕ್ಯಾಲ್ ನಿಯಮ ಬದಲಾಗಿದೆ ಅಂತ ಕೇಳಿದೆ. ತಿಂಗಳಿಗೆ 80 ಗಂಟೆ ಕೆಲಸ ಮಾಡಬೇಕಂತೆ, ಹೌದಾ? ಅಪ್ಪನಿಗೆ ಮಂಡಿ ನೋವು, ಅವರು ಎಲ್ಲಿಗೆ ಹೋಗಿ ಕೆಲಸ ಮಾಡುತ್ತಾರೆ?

ಎವರ್‌ಗ್ರೀನ್ ನರ್ಸ್

ಹೆದರಬೇಡಮ್ಮ. 80 ಗಂಟೆಯ ನಿಯಮ 2027ರ ಜನವರಿಯಿಂದ, ಅದೂ 19ರಿಂದ 64 ವಯಸ್ಸಿನ ಕೆಲವರಿಗೆ ಮಾತ್ರ. 65 ದಾಟಿದವರಿಗೆ ಇಲ್ಲ.

ನಿಮಗೆ ಸಂಬಂಧಪಡುವುದು ಇನ್ನೊಂದು. 2026ರ ಜನವರಿಯಿಂದ ಹಿರಿಯರಿಗೆ ಆಸ್ತಿ ಮಿತಿ ಮತ್ತೆ ಬಂದಿದೆ: ಒಬ್ಬರಿಗೆ 1,30,000 ಡಾಲರ್, ದಂಪತಿಗೆ 1,95,000. ವಾಸದ ಮನೆ, ಒಂದು ಕಾರು ಲೆಕ್ಕಕ್ಕೆ ಬರುವುದಿಲ್ಲ. ಊರಲ್ಲಿ ಸೈಟು, ಎಫ್‌ಡಿ ಇದ್ದರೆ ಮುಚ್ಚಿಡದೆ ಕೌಂಟಿಯ ಸೋಶಿಯಲ್ ಸರ್ವೀಸಸ್ ಕಚೇರಿಯಲ್ಲಿ ಕೇಳಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಆ ಕಚೇರಿಯಿಂದ ಬರುವ ಯಾವ ಕಾಗದವನ್ನೂ ಪಕ್ಕಕ್ಕೆ ಇಡಬೇಡಿ. ಅರ್ಹತೆ ಇದ್ದರೂ ನವೀಕರಣದ ಅರ್ಜಿಗೆ ಉತ್ತರ ಕೊಡದೆ ವಿಮೆ ಕಳೆದುಕೊಂಡವರನ್ನು ನಾವು ದಿನಾ ನೋಡುತ್ತೇವೆ.

ಅಪ್ಪ ಅಮ್ಮ ಇಲ್ಲಿದ್ದಾರೆ

ಅಕ್ಕಾ, ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ತುಂಬಾ ಉಪಕಾರ.

ಮಿಲ್ಪಿಟಾಸ್ ಅಕ್ಕ

ಬಜೆಟ್ಟಿನಲ್ಲಿ ಸೋಶಿಯಲ್ ಸರ್ವೀಸಸ್ ಸಿಬ್ಬಂದಿ ಕಡಿಮೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಇದೇ ಉದಾಹರಣೆ. ಇನ್ನು ಮುಂದೆ ಬಹಳ ಜನಕ್ಕೆ ವರ್ಷಕ್ಕೊಂದರ ಬದಲು ಆರು ತಿಂಗಳಿಗೊಮ್ಮೆ ಅರ್ಹತೆ ಪರಿಶೀಲನೆ. ಅದೇ ಜನ, ಎರಡರಷ್ಟು ಕಾಗದ. ಅದನ್ನು ನೋಡೋ ಗುಮಾಸ್ತರೇ ಇಲ್ಲದಿದ್ದರೆ ಅರ್ಹರೂ ಹೊರಗೆ ಬೀಳುತ್ತಾರೆ, ಆಸ್ಪತ್ರೆಗೆ ಬರೋ ಹಣವೂ ನಿಲ್ಲುತ್ತೆ. ಸಣ್ಣ ಉಳಿತಾಯ ಅಂದುಕೊಂಡು ದೊಡ್ಡ ನಷ್ಟ ಮಾಡಿಕೊಂಡ ಹಾಗೆ. ನಾವು ಮಾತಾಡೋದಾದರೆ ಇದನ್ನೂ ಹೇಳಬೇಕು.

2020ರ ಮಾರ್ಚ್ 16 ನೆನಪಿದೆಯಾ? ಬೇ ಏರಿಯಾದ ಆರು ಕೌಂಟಿಗಳು ಒಟ್ಟಿಗೆ ಮನೆಯಲ್ಲೇ ಇರಿ ಅಂತ ಆದೇಶ ಹೊರಡಿಸಿದವು, ಇಡೀ ದೇಶದಲ್ಲೇ ಮೊದಲು. ಅದು ರಾಜ್ಯದ ಆದೇಶ ಅಲ್ಲ, ವಾಷಿಂಗ್ಟನ್ನಿನದೂ ಅಲ್ಲ. ಕೌಂಟಿಯ ಆರೋಗ್ಯಾಧಿಕಾರಿಗಳದು. ಅಂಥ ಇಲಾಖೆಯನ್ನು ಒಂದು ಸಲ ಸೊರಗಲು ಬಿಟ್ಟರೆ ಬೇಕಾದಾಗ ರಾತ್ರೋರಾತ್ರಿ ಕಟ್ಟೋಕಾಗಲ್ಲ.

ತೆರಿಗೆ ಲೆಕ್ಕ

ಹಾಗಾದರೆ ಎಲ್ಲರೂ ಸೇರಿ ಹೇಳುವ ಮಾತನ್ನು ಇಲ್ಲೇ ಬರೆದುಬಿಡೋಣ. ಪರ ಇದ್ದವರು, ವಿರೋಧ ಇದ್ದವರು ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ. ಕರಡು ಹಾಕುತ್ತೇನೆ, ತಿದ್ದಿ:

"ಮೆಷರ್ ಎ ಇಂದ ಬಂದ ಹಣ ಎಷ್ಟು, ಯಾವ ಸೇವೆಗೆ ಹೋಯಿತು ಅನ್ನುವುದನ್ನು ಮೂರು ತಿಂಗಳಿಗೊಮ್ಮೆ ಪ್ರತ್ಯೇಕವಾಗಿ ಪ್ರಕಟಿಸಿ. ಟ್ರಾಮಾ ಸೇವೆಗಳನ್ನು, ಮೆಡಿ-ಕ್ಯಾಲ್ ಅರ್ಜಿ ನೋಡುವ ಸಿಬ್ಬಂದಿಯನ್ನು ಕಡಿತದಿಂದ ಹೊರಗಿಡಿ. ಐದು ವರ್ಷದ ನಂತರ ಆಸ್ಪತ್ರೆಗಳ ಖರ್ಚು ಹೇಗೆ ನಿಭಾಯಿಸುತ್ತೀರಿ ಅನ್ನುವ ಯೋಜನೆಯನ್ನು ಈ ವರ್ಷವೇ ಜನರ ಮುಂದಿಡಿ."

ಎವರ್‌ಗ್ರೀನ್ ನರ್ಸ್

ಸರ್, ನಾನು ಸಹಿ ಹಾಕುತ್ತೇನೆ. ಸುಟ್ಟ ಗಾಯದ ಘಟಕವನ್ನೂ ಹೆಸರು ಹೇಳಿ ಸೇರಿಸಿ.

ಲಾರೆನ್ಸ್ ದಾರಿಹೋಕ

ನನ್ನದೂ ಸೇರಿಸಿಕೊಳ್ಳಿ. ಎಕ್ಸ್‌ಪ್ರೆಸ್‌ವೇ ದುರಸ್ತಿಯ ಹಣ ಬೇರೆ ಮೂಲದಿಂದ ಬರುತ್ತೆ, ಅದನ್ನು ಇದರ ಜೊತೆ ಬೆರೆಸುವುದು ಬೇಡ. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಎಚ್‌1ಬಿ ಸನಿವೇಲ್

ವಕೀಲರನ್ನು ಕೇಳಿದೆ, ಸಾರ್ವಜನಿಕ ಸಭೆಯಲ್ಲಿ ನಿವಾಸಿಯಾಗಿ ಅಭಿಪ್ರಾಯ ಹೇಳಲು ಅಡ್ಡಿ ಇಲ್ಲ ಅಂದರು. ಮೂರನೇ ಬೇಡಿಕೆಯನ್ನು ನಾನು ಓದುತ್ತೇನೆ. ಐದು ವರ್ಷ ಆದ ಮೇಲೂ ನಾನು ಇಲ್ಲೇ ಇರುತ್ತೇನೆ, ತೆರಿಗೆ ಕಟ್ಟುತ್ತಲೇ ಇರುತ್ತೇನೆ, ಆದ್ದರಿಂದ ಆ ಪ್ರಶ್ನೆ ನನ್ನದು.

ಹುಬ್ಬಳ್ಳಿ ಮಂದಿ

ನಾನು ಗಾಡಿ ತರ್ತೀನ್ರಿ. ಏಳು ಮಂದಿ ಕುಂಡ್ರಬಹುದು. ಸನಿವೇಲ್, ಸಾಂಟಾ ಕ್ಲಾರಾ ಕಡೆಯಿಂದ ಬರೋರು ಹೇಳ್ರಿ.

ಕ್ಯುಪರ್ಟಿನೋ ವಾಸಿ

ಕರಡನ್ನು ಇಂಗ್ಲಿಷಿಗೆ ತಂದು ನಾಳೆ ಹಾಕುತ್ತೇನೆ. ಒಬ್ಬೊಬ್ಬರು ಒಂದೊಂದು ಬೇಡಿಕೆ ತೆಗೆದುಕೊಳ್ಳೋಣ, ಎಲ್ಲರೂ ಅದನ್ನೇ ಓದಿದರೆ ಸಮಯ ವ್ಯರ್ಥ. ಬರಲಾಗದವರು ಅಜೆಂಡಾ ಪ್ರಕಟವಾದ ಮೇಲೆ ಅದರಲ್ಲಿರುವ ಐಟಂ ನಂಬರ್ ಬರೆದು ನಿಮ್ಮ ಡಿಸ್ಟ್ರಿಕ್ಟ್‌ನ ಸೂಪರ್‌ವೈಸರ್‌ಗೆ ಈಮೇಲ್ ಕಳಿಸಿ. ನಂಬರ್ ಇಲ್ಲದಿದ್ದರೆ ಅದು ಯಾವ ಕಡತಕ್ಕೆ ಸೇರಬೇಕು ಅಂತ ಕ್ಲರ್ಕ್‌ಗೆ ಗೊತ್ತಾಗುವುದಿಲ್ಲ. ನಿಮ್ಮ ಡಿಸ್ಟ್ರಿಕ್ಟ್ ಯಾವುದು ಅಂತ ಗೊತ್ತಿಲ್ಲದವರು ಕೌಂಟಿಯ ವೆಬ್‌ಸೈಟಿನಲ್ಲಿ ಮನೆ ವಿಳಾಸ ಹಾಕಿ ನೋಡಿಕೊಳ್ಳಿ. ಸ್ಯಾನ್ ಹೋಸೆಯವರು ತಪ್ಪದೆ ನೋಡಿ, ನಿಮ್ಮ ಊರು ಒಂದಕ್ಕಿಂತ ಹೆಚ್ಚು ಡಿಸ್ಟ್ರಿಕ್ಟ್‌ಗಳಲ್ಲಿ ಹಂಚಿಹೋಗಿದೆ.